ಪಿಜ್ಜಾ ಓವನ್ ಹೊತ್ತಿಸಿದ ದಿನ

ಬೆಂಕಿಯನ್ನು ಪಳಗಿಸಿದ ದಿನವೇ ಮನುಷ್ಯ ಮನುಷ್ಯನಾದನಂತೆ. ಹಿರೀಸಾವೆಯ ನಮ್ಮ ಹಿತ್ತಿಲಲ್ಲಿ ಅದಿನ್ನೂ ಆಗಿರಲಿಲ್ಲ.

ಮರದ ಹೊಟ್ಟಿನ ಗುಳಿಗೆ ಉರಿಸುವ ಗ್ರಿಲ್‌ಗೆ ತಮ್ಮ ಲೋಕೇಶ ಪಿಜ್ಜಾ ಓವನ್ ಕೂರಿಸಿ, ಬೋಲ್ಟ್ ಬಿಗಿದು, ಹೊತ್ತಿಸಿದ. ಬಂದದ್ದು ಬರೀ ಹೊಗೆ, ಹಿಂಡಿ ಸೀದ ವಾಸನೆ.

“ಓವನ್ ಸರ್ಯಾಗಿ ಕೂತಿಲ್ಲ ಕಣಣ್ಣಾ” ಎಂದು ಮತ್ತೆ ಬಿಚ್ಚತೊಡಗಿದ.

ಅವ್ವ ಬಂದು ಗುಳಿಗೆಯನ್ನು ಮೂಸಿದಳು. “ಲೇ, ಇದು ದನದ ಫೀಡು ಕಣ್ಲಾ! ಅಂಗಾದ್ರೆ ನಾನು ಈಗ ಕೆಂಪಿಗೆ ನೆನೆಹಾಕಿ ಇಟ್ಬಂದಿದ್ದು ಏನ್ಲಾ?”

ಕೆಂಪಿ ನಮ್ಮ ದಿನ ತುಂಬಿದ ಹಸು. ಸ್ಪ್ಯಾನರ್ ಸಮೇತ ಕೊಟ್ಟಿಗೆಗೆ ಓಡಿದೆವು. ಬಕೆಟ್ ತುಂಬ ಮರದ ಹೊಟ್ಟು ಉಬ್ಬಿತ್ತು. ಕೆಂಪಿಯ ಮೂತಿಗೂ ಮೆತ್ತಿತ್ತು. ಅವ್ವ ಅದರ ಬಾಯೊಳಗೆ ಕೈಯಾಡಿಸಿದಳು. ಬಾಯಲ್ಲಿ ಏನೂ ಇರಲಿಲ್ಲ; ಬರೀ ಮೂಸಿ ಬಿಟ್ಟಿತ್ತು.

ನೋಡಲು ಒಂದೇ ಥರದ ಗುಳಿಗೆ ತುಂಬಿ ಪಕ್ಕಪಕ್ಕದಲ್ಲಿದ್ದ ಎರಡು ಮೂಟೆಗಳು ಅಂದೇ ಬೇರೆಬೇರೆಯಾದವು. ಎಂಟನೇ ದಿನ ಕೆಂಪಿ ಹೆಣ್ಣುಗರು ಹಾಕಿತು.