ಕಂಕಣ ಕಟ್ಟಿದ ಮೇಲೆ

ಕೋವಿಲ್‌ಪಟ್ಟಿಯ ಆಚೆ, ಕಂಬಳತ್ತು ನಾಯ್ಕ ಕುಲದವರ ಹಳ್ಳಿಯಲ್ಲಿ ಯಾರು ಸತ್ತರೂ ಕುಮಾರಮುತ್ತು ನಾಯ್ಕರ ಉರುಮಿ ವಾದ್ಯ ಸತ್ತವರ ಬಾಗಿಲಲ್ಲಿ ನರಳಲೇಬೇಕಿತ್ತು. ಬಾಗಿದ ಕಡ್ಡಿಯಿಂದ ಚರ್ಮ ಉಜ್ಜಿದರೆ ಮನುಷ್ಯರೇ ನರಳಿದ ಹಾಗೆ ಕೇಳುತ್ತಿತ್ತು. ಗಂಡಸಿಗೊಂದು ಬಡಿತ, ಮುತ್ತೈದೆಗೊಂದು ಬಡಿತ. ಹೆಂಡತಿ ವೀರಜಕ್ಕಮ್ಮ ಛೇಡಿಸುತ್ತಿದ್ದಳು: "ಊರ ಹೆಣಕ್ಕೆಲ್ಲ ಬಾರಿಸ್ತೀಯ. ನಾನ್ ಹೋದಾಗ ಕೈನೋವು ಅಂತ ನೆಪ ಹೇಳ್ಬೇಡ, ಆಯ್ತಾ?"

"ನಿಂಗೆ ಬಾರಿಸಿದ್ರೆ ಪಕ್ಕದೂರಿನೋರೂ ಎದ್ದು ಬರ್ಬೇಕು, ಹಾಗೆ ಬಾರಿಸ್ತೀನಿ. ಹೋಗೇ ಸಾಕು."

ಅವಳು ಹೋದದ್ದು ಕಟ್ಟಬೊಮ್ಮ ದೊರೆಯ ಹಬ್ಬಕ್ಕೆ ಕಂಕಣ ಕಟ್ಟಿದ ಮರುದಿನ. ಹೊಟ್ಟೆಯ ಗಡ್ಡೆ ಹಬ್ಬ ನೋಡಿಕೊಂಡು ಕೊಲ್ಲುತ್ತದೆಯೇ? ಕಂಕಣ ಕಟ್ಟಿದ ಮೇಲೆ ಹಬ್ಬ ಮುಗಿಯುವವರೆಗೆ ಊರಲ್ಲಿ ಸಾವಿನ ವಾದ್ಯ ಕೇಳಬಾರದು, ಯಾರೂ ಗೋಳಾಡಬಾರದು. ಕಂಕಣ ಕಟ್ಟಿಕೊಂಡವನಿಗೆ ಸೂತಕವೂ ಇಲ್ಲ. ಕುಮಾರಮುತ್ತುವಿನ ಕೈಯಲ್ಲೂ ಕಂಕಣವಿತ್ತು.

ಊರ ಯಜಮಾನ ಓಬುಳು ನಾಯ್ಕರು ಕೈಮುಗಿದುಕೊಂಡೇ ಬಂದರು. "ಮಾವ, ನಮ್ಮ ಕುಲದೇವಿ ಜಕ್ಕಮ್ಮ ಮುನಿದ್ರೆ ಊರು ತಡ್ಕೊಳಲ್ಲ. ಸದ್ದಿಲ್ದೆ ಮುಗಿಸ್ಬಿಡೋಣ."

"ಬಿಳಿಯರು ಗಲ್ಲಿಗೆ ಹಾಕಿ ಇನ್ನೂರು ವರ್ಷ ದಾಟಿದೆ, ಆ ದೊರೆಗೆ ವರ್ಷಾ ವರ್ಷಾ ಅಳ್ತೀರಿ. ಇವಳ ಮೈ ಇನ್ನೂ ಬೆಚ್ಚಗಿದೆ ಕಣಯ್ಯಾ!"

ಓಬುಳು ತಲೆ ತಗ್ಗಿಸಿದರೇ ಹೊರತು ಪಟ್ಟು ಬಿಡಲಿಲ್ಲ. ಅವಳನ್ನು ಚಾಪೆಯಲ್ಲಿ ಸುತ್ತಿ, ಹಿತ್ತಿಲ ಬಾಗಿಲಿನಿಂದ ಒಯ್ದು ಹೂತರು. ಮಗಳು ಬಾಯಿಗೆ ಸೆರಗು ತುರುಕಿಕೊಂಡು ನಡೆದಳು. ಎಂಥ ಹಾಳು ಕಟ್ಟಳೆ!

ಹಬ್ಬದಲ್ಲಿ ಒಂದೇ ಒಂದು ಅಳುವಿಗೆ ಅಪ್ಪಣೆಯಿತ್ತು. ಹಬ್ಬದ ಜ್ಯೋತಿ ಊರಿಗೆ ಬಂದು, ಕುಣಿತ ನಿಂತ ಮೇಲೆ, ದೊರೆಯನ್ನು ಹುಣಸೆಮರಕ್ಕೆ ನೇಣು ಹಾಕಿದ್ದನ್ನು ನೆನೆದು, ದೊರೆಯದೇ ಬಡಿತದಲ್ಲಿ ಉರುಮಿ ಅಳುತ್ತದೆ, ಜೊತೆಗೆ ಊರೂ ಅಳುತ್ತದೆ. ಯಾರು ಅಡ್ಡ ಬಂದರೂ ಸರಿ, ಅಲ್ಲಿ ಮುತ್ತೈದೆಯ ಬಡಿತ ಬಾರಿಸಿಯೇ ತೀರುತ್ತೇನೆ ಎಂದು ಕುಮಾರಮುತ್ತು ಹಲ್ಲು ಕಚ್ಚಿಕೊಂಡು ಕಾದರು.

ಹಬ್ಬದ ಸಂಜೆ ಉರುಮಿ ನರಳಿತು. ಊರಿಗೆ ಊರೇ ಬಿಕ್ಕಿತು. ಮಗಳು ಎದೆ ಬಡಿದುಕೊಂಡು ಗೋಳಾಡಿದಳು, ಯಾರೂ ತಡೆಯಲಿಲ್ಲ. ಓಬುಳು ಕಣ್ಣೊರೆಸಿಕೊಂಡು ಬಂದು ಮುದುಕನ ಕೈ ಹಿಡಿದರು. "ಗೊತ್ತಾಯ್ತು ಮಾವ. ಅತ್ತೆಗೇ ಬಾರಿಸಿದ್ರಿ. ನಾನೇನೂ ಅನ್ನಲ್ಲ."

ಕುಮಾರಮುತ್ತು ಉರುಮಿ ಹೆಗಲಿಗೇರಿಸಿ ಹೊರಟರು. ಮನೆಯ ದಾರಿಯಲ್ಲಿ ಮಗಳು, "ಅಮ್ಮಂಗೆ ಕೇಳಿಸಿರುತ್ತೆ, ಅಲ್ವೇನಪ್ಪಾ?" ಎಂದಳು.

ಅವರು ನಡುಬೀದಿಯಲ್ಲೇ ಉರುಮಿ ಕೆಳಗಿಟ್ಟರು. "ನೀವೆಲ್ಲ ಅಳ್ತಿದ್ರಿ, ನಿಮ್ಗೆ ಗೊತ್ತಾಗ್ಲಿಲ್ಲ. ಕೈ ಅದರ ಪಾಡಿಗೆ ದೊರೆಯ ಬಡಿತಾನೇ ಬಾರಿಸಿಬಿಡ್ತು ಕಣವ್ವಾ. ಒಂದ್ ಏಟೂ ನಿಮ್ಮಮ್ಮಂದಲ್ಲ."