ಬಿಟ್ಟೆ ಅಂದರೂ ಬಿಡು ಅಂದರೂ

ನಮ್ಮ ಯಜಮಾನರ ಗ್ಯಾರೇಜು ಬಿಬವೇವಾಡಿಯಲ್ಲಿ, ನಾವಿರುವ ಮನೆಯ ಕೆಳಗಿನ ತಗಡಿನ ಶೆಡ್ಡಿನಲ್ಲಿ. ಹೋದ ಮಳೆಗಾಲ ಅವರು ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರ್ ಬಿಚ್ಚಿದ ಮೇಲೂ ಆ ಕೈಗೆ ಮೊದಲಿನ ಬಿಗಿ ಬರಲಿಲ್ಲ. ನಟ್ಟಿಗೆ ಪಾನಾ ಹಾಕಿ ತಿರುವಿದರೆ ಬೆರಳು ನಡುಗುತ್ತಿದ್ದವು. ಕೆಲಸಕ್ಕಿದ್ದವರು ಅಷ್ಟರಲ್ಲಿ ಬೇರೆ ಕಡೆ ಸೇರಿಕೊಂಡಿದ್ದರು.

ತಲೆಗೆ ಏಟಾಗಲಿಲ್ಲವಲ್ಲ, ತಮ್ಮ ಕೈಯಾರೆ ಊಟ ಮಾಡುತ್ತಾರಲ್ಲ ಎಂದು ನಾನು ವಿಠ್ಠಲನಿಗೆ ದಿನಾ ಕೈಮುಗಿಯುತ್ತಿದ್ದೆ. ಅವರಿಗೆ ಆ ಸಮಾಧಾನ ಸಾಕಾಗುತ್ತಿರಲಿಲ್ಲ.

"ನಟ್ಟ ಬಿಗಿ ಮಾಡಾಕ ಬರದಾಂವ ಶೆಡ್ ಇಟ್ಕೊಂಡು ಏನ್ ಮಾಡ್ಲಿ? ಈ ಒಂದ್ ಗಾಡಿ ನೋಡ್ತೀನಿ. ಆಗ್ಲಿಲ್ಲಂದ್ರ ಭಾನುವಾರ ಶೆಡ್ಡಿನ ಕೀಲಿಕೈ ಮಾಲಕಗ ಕೊಟ್ಟು ಬಂದುಬಿಡ್ತೀನಿ" ಎಂದರು.

ಆ ಒಂದು ಗಾಡಿ ಖಡಕಿಯಿಂದ ಬಂದ ಕೆಂಪು ಸ್ಪೋರ್ಟ್ಸ್ ಕಾರು. ಇಬ್ಬರೇ ಕೂಡುವಂಥದ್ದು, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದ ಹಾಗೆ ತಗ್ಗು. ಅದರ ಒಡೆಯರು ನೌಕರಿಯಿಂದ ನಿವೃತ್ತರಾದ ಮರಾಠಿ ಗೃಹಸ್ಥರು, ಹಳೆಯ ಗಿರಾಕಿ. ಬೇರೆ ಗ್ಯಾರೇಜಿಗೆ ಹೋಗದೆ ಇವರ ಕೈ ವಾಸಿಯಾಗುವ ತನಕ ಕಾದಿದ್ದರು. ಅದೂ ದೇವರ ದಯವೇ.

ಕ್ಲಚ್ ಒತ್ತಿದರೆ ಪೆಡಲ್ಲು ನೆಲಕ್ಕೆ ಹೋಗಿ ಅಲ್ಲೇ ಬಿದ್ದಿರುತ್ತಿತ್ತು. ಗೇರ್ ಹಾಕಹೋದರೆ ಕರಕರ ಸದ್ದು. ಯಜಮಾನರು ಮೊದಲು ಕ್ಲಚ್ಚಿನ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದು ನೋಡಿದರು, ಎಣ್ಣೆ ತಳ ಕಂಡಿತ್ತು. ಆಮೇಲೆ ಕಾರನ್ನು ಎತ್ತರಿಸಿ ಅಡಿಗೆ ನುಸುಳಿದರು. ಗೇರ್ ಬಾಕ್ಸಿನ ಮಗ್ಗುಲ ಸಣ್ಣ ಸಿಲಿಂಡರ್ ಒದ್ದೆ ಒದ್ದೆ.

"ಇದರಾಗ ಕ್ಲಚ್ಚಿಗೆ ಕೇಬಲ್ ಇರಂಗಿಲ್ಲ. ಮ್ಯಾಲೆ ಪೆಡಲ್ ಒತ್ತಿದ್ರ ಪೈಪಿನಾಗಿನ ಎಣ್ಣಿ ಬಂದು ಈ ಸಿಲಿಂಡರ್ ನೂಕ್ತದ. ಎಣ್ಣಿ ಸೋರಿ ಗಾಳಿ ಹೊಕ್ಕದ. ಗಾಳಿಗೆ ಎಷ್ಟ ಒತ್ತಿದ್ರೂ ಅದು ತಾನಽ ಕುಗ್ತದ, ಮುಂದ ಏನೂ ನೂಕಂಗಿಲ್ಲ. ಥೇಟ್ ನಿನ್ನ ತಮ್ಮನಂಗ."

"ನನ್ನ ತಮ್ಮ ನಿಮಗೇನ್ ಮಾಡ್ಯಾನ್ರಿ?" ಎಂದೆ. ಬಹಳ ದಿನಗಳ ಮೇಲೆ ಅವರು ಚೇಷ್ಟೆ ಮಾಡಿದ್ದರು, ಸಿಟ್ಟೇ ಬರಲಿಲ್ಲ.

ಹೊಸ ಸಿಲಿಂಡರ್ ಕೂಡಿಸಿದರು. ಉಳಿದದ್ದು ಪೈಪಿನೊಳಗಿನ ಗಾಳಿ ತೆಗೆಯುವುದು. ಅದಕ್ಕೆ ಪೆಡಲ್ ಒತ್ತಲು ಒಬ್ಬರು ಬೇಕು. ಬೇರೆ ಯಾರೂ ಇಲ್ಲದ್ದರಿಂದ ನಾನೇ ಸೆರಗು ಸಿಕ್ಕಿಸಿ, ಚಪ್ಪಲಿ ಕಳೆದು, ಆ ತಗ್ಗಿನ ಸೀಟಿನಲ್ಲಿ ಕೂತೆ. ನಾನು ಪೆಡಲ್ ಒತ್ತೊತ್ತಿ ಕೊನೆಗೆ ಹಿಡಿದುಕೊಳ್ಳಬೇಕು. ಅವರು ಅಡಿಯಲ್ಲಿ ಸಿಲಿಂಡರಿನ ನಿಪ್ಪಲ್, ಅಂದರೆ ಅದರ ಸಣ್ಣ ಬಾಯಿ, ಸಡಿಲಿಸಿ ಗಾಳಿ ಹೊರಗೆ ಬಿಡಬೇಕು, ಮತ್ತೆ ಬಿಗಿಯಬೇಕು. ಆಮೇಲಷ್ಟೇ, ಅವರು ಬಿಡು ಎಂದಾಗ, ನಾನು ಕಾಲು ತೆಗೆಯುವುದು.

ಮಾಡಿದೆವು, ಮತ್ತೆ ಮಾಡಿದೆವು, ಎಣ್ಣೆ ಸುರುವಿ ಸುರುವಿ ಮಾಡಿದೆವು. ಪೆಡಲ್ ಮಾತ್ರ ನೆನೆದ ಅವಲಕ್ಕಿಯ ಹಾಗೆ ಮೆತ್ತಗೇ ಇತ್ತು. ಅವರು ಹೊರಗೆ ಬಂದು ಪೆಡಲ್ಲಿನ ಕಡೆಗಿರುವ ಮೇಲಿನ ಸಿಲಿಂಡರನ್ನೂ ಒರೆಸಿ ನೋಡಿದರು, ಅದು ಒಣಗಿಯೇ ಇತ್ತು. ಗೋಡೆಗೆ ಒರಗಿ ಕೂತು ಅಂಗೈ ನೋಡಿಕೊಂಡರು.

"ಕೈಯಾಗ ದಮ್ ಇಲ್ಲ ಬಿಡು. ನಿಪ್ಪಲ್ ಪೂರಾ ಬಿಗಿ ಆಗವಲ್ದು. ಅಲ್ಲಿಂದನಽ ಗಾಳಿ ಎಳಕೊಳ್ಳಾಕತ್ತದ."

ನಾನು ಸೀಟಿನಿಂದಲೇ ಬಗ್ಗಿ ನೋಡಿದೆ. "ನಂದೇನರೆ ತಪ್ಪಾತೇನ್ರಿ? ನೀವು ಹಿಡಿ ಅಂದ್ರ ಹಿಡದೀನಿ, ಬಿಡು ಅಂದ್ರ ಗಪ್ಪನ ಕಾಲು ತಗದೀನಿ."

"ಬಿಡು ಅಂತ ಯಾವಾಗ ಅಂದೆ?"

"ಹಿಡಿ ಅಂದ ಬೆನ್ನಿಗೇ ಅಂತೀರಲ್ಲ!"

ಅವರು ನೆಟ್ಟಗೆ ಕೂತರು. "ಅದು ಬಿಡು ಅಲ್ಲ ಮಾರಾಯ್ತಿ, ಬಿಟ್ಟೆ! ನಿಪ್ಪಲ್ ಬಿಟ್ಟೆ ಅಂತ! ನಾ ಅದರ ಬಾಯಿ ತಗದಾಗ ನೀ ಕಾಲು ಎತ್ತಿದ್ರ ಅದು ಹೊರಗಿನ ಗಾಳಿ ಕುಡೀತದ!"

ಕಾರಿನ ಅಡಿಯಿಂದ ಬರುವ ಮಾತಿನ ಬಾಲ ರಸ್ತೆಯ ಹಾರ್ನುಗಳಲ್ಲಿ ಮುಳುಗಿ, ಬಿಟ್ಟೆ ಎಂಬುದೂ ಬಿಡು ಎಂಬುದೂ ನನಗೆ ಒಂದೇ ಕೇಳಿತ್ತು; ಎರಡನೆಯ ಕೂಗನ್ನು ಬರೀ ತಾಕೀತು ಅಂದುಕೊಂಡಿದ್ದೆ. ಪಾಪ, ಅವರ ಕೈ ಏನೂ ತಪ್ಪು ಮಾಡಿರಲಿಲ್ಲ.

"ಎರಡಕ್ಕೂ ಬ್ಯಾರೆ ಹೆಸರಿಡ್ರಿ" ಎಂದೆ. "ನಿಪ್ಪಲ್ ತಗದಾಗ ವಿಠ್ಠಲ ಅನ್ರಿ. ಬಿಗದ ಮ್ಯಾಲ ಪಾಂಡುರಂಗ ಅನ್ರಿ. ಪಾಂಡುರಂಗ ಕೇಳೋತನಕ ನಾ ಕಾಲು ಎತ್ತಂಗಿಲ್ಲ."

"ಇದೇನ್ ಗ್ಯಾರೇಜೋ ಗುಡಿಯೋ?"

"ಗಾಡಿ ಆಗಬೇಕೋ ಬ್ಯಾಡೋ?"

ಏಕಾದಶಿಯ ಭಜನೆ ಶುರುವಾದರೆ ಚಹಾ ಕುಡಿಯುವ ನೆಪದಲ್ಲಿ ಹೊರಗೆ ನಡೆಯುವ ಮನುಷ್ಯ, ಅಂದು ಗ್ರೀಸಿನಲ್ಲಿ ಅಂಗಾತ ಮಲಗಿ ಗಂಟಲು ಹರಿಯುವಂತೆ ವಿಠ್ಠಲ, ಪಾಂಡುರಂಗ ಎಂದು ಕೂಗಿದರು. ಮೊದಲು ಬುಸಬುಸ ಗುಳ್ಳೆ ಬಂದವಂತೆ, ಆಮೇಲೆ ಬರೀ ಎಣ್ಣೆ. ನನಗೆ ಅದು ಕಾಣುತ್ತಿರಲಿಲ್ಲ. ಆದರೆ ಅಂಗಾಲಿಗೆ ಏನೋ ಗಟ್ಟಿಯಾದದ್ದು ಸಿಕ್ಕಿತು.

"ರೀ, ಪೆಡಲ್ ನನ್ನ ಕಾಲು ತಿರುಗಿ ನೂಕಾಕತ್ತದ್ರಿ!"

ಅವರು ನಿಪ್ಪಲನ್ನು ಬಲಗೈಯಿಂದಲೇ ಕೊನೆಯ ಸಲ ಬಿಗಿದು ಬಟ್ಟೆಯಿಂದ ಒರೆಸಿದರು. ನಾನು ಪೆಡಲ್ ಅದುಮಿ ಹಿಡಿದೇ ಇದ್ದೆ, ಒಂದು ಹನಿಯೂ ಸೋರಲಿಲ್ಲ.

ಸಂಜೆ ಗೃಹಸ್ಥರು ಬಂದು ಓಣಿಯಲ್ಲಿ ಒಂದು ಸುತ್ತು ಓಡಿಸಿದರು. ಗೇರ್ ಸದ್ದಿಲ್ಲದೆ ಬಿತ್ತು. ಹೆಂಡತಿಯನ್ನು ಲೋಣಾವಳಾಕ್ಕೆ ಕರೆದೊಯ್ಯಬೇಕು, ಘಾಟ್ ಏರೀತೇ ಎಂದು ಮರಾಠಿಯಲ್ಲಿ ಕೇಳಿದರು. ಯಜಮಾನರು ಮರಾಠಿಯಲ್ಲೇ, ಧಾರಾಳ ಹೋಗಿ ಬನ್ನಿ, ಆದರೆ ಸೋಮವಾರ ಗಾಡಿ ಇಲ್ಲಿಗೆ ತನ್ನಿ, ಎಣ್ಣೆ ಇಳಿದಿದೆಯೋ ಏನೋ ಒಮ್ಮೆ ನೋಡುತ್ತೇನೆ ಎಂದರು.

ಸೋಮವಾರ. ಕೀಲಿಕೈ ಕೊಡುತ್ತೇನೆಂದ ಭಾನುವಾರದ ಮರುದಿನ. ನಾನು ಚಹಾದ ಲೋಟ ಹಿಡಿದು ಅವರ ಮುಖವನ್ನೇ ನೋಡುತ್ತ ನಿಂತೆ. ಕಾರು ಓಣಿ ದಾಟಿದ ಮೇಲೆ ಅವರು ನನ್ನ ಕಡೆ ತಿರುಗಿದರು.

"ಏನ್ ನೋಡಾಕತ್ತಿ? ಸೋಮವಾರ ಅಡಿಗಿ ಲಗೂ ಮುಗಿಸು. ಪೆಡಲ್ ಒತ್ತಾಕ ಯಾರ್ ಬರ್ತಾರ ಮತ್ತ?"