ಎರಡು ಕಣ್ಣಿನ ಡಬ್ಬಿಯ ಮುಂದೆ ಚನ್ನಬಸವ್ವ

ನಿಜಲಿಂಗಪ್ಪನವರು ಕ್ಯಾಮೆರಾ ಹಿಡಿದು ಹೊರಟರೆ ಪುಣೆಯ ಕಾತ್ರಜದ ನಮ್ಮ ಕನ್ನಡ ಮಂದಿ ಮುಖ ತಿರುಗಿಸುತ್ತಿದ್ದರು. ಮದುವೆಗೆ ಅವರನ್ನು ಉಣ್ಣಲು ಕರೆಯುತ್ತಿದ್ದರೇ ಹೊರತು ಫೋಟೋ ತೆಗೆಯಲು ಅಲ್ಲ. ಯಾಕೆಂದರೆ ಅವರು ಸತ್ತವರ ಫೋಟೋ ತೆಗೆಯುವವರು.

ನಮ್ಮ ಲಿಂಗಾಯತರ ಮನೆಗಳಲ್ಲಿ ತೀರಿಕೊಂಡವರನ್ನು ಕೂರಿಸುತ್ತೇವೆ. ಹಣೆಗೆ ವಿಭೂತಿ, ಕೊರಳಿಗೆ ಹೂಮಾಲೆ, ಬೆನ್ನಿಗೆ ಗೋಡೆ. ಮಣ್ಣಿಗೆ ಒಯ್ಯುವ ಮೊದಲು ಒಂದು ಫೋಟೋ ಆಗಬೇಕು. ಸ್ವಾರಗೇಟಿನ ಹಿಂದೆ ಸ್ಟುಡಿಯೋ ಇದ್ದಾಗಿನಿಂದ ಆ ಕೆಲಸ ನಿಜಲಿಂಗಪ್ಪನವರದೇ. ಸ್ಟುಡಿಯೋ ಮುಚ್ಚಿತು, ಕೆಲಸ ಉಳಿಯಿತು.

ಅವರದು ಹಳೆಯ ಯಾಶಿಕಾ ಕ್ಯಾಮೆರಾ, ಈ ಕೆಲಸಕ್ಕೆಂದೇ ಇಟ್ಟದ್ದು. ಮುಂದೆ ಒಂದರ ಕೆಳಗೊಂದು ಎರಡು ಲೆನ್ಸು. ಮೇಲಿನದು ನೋಡಲಿಕ್ಕೆ, ಕೆಳಗಿನದು ಫಿಲ್ಮಿಗೆ. ಅದನ್ನು ಕಣ್ಣಿಗೆ ಹಿಡಿಯುವ ಹಾಗಿಲ್ಲ, ತಲೆ ಬಗ್ಗಿಸಿ ಮೇಲಿನ ಗಾಜಿನೊಳಗೆ ಇಣುಕಬೇಕು. ನನ್ನ ಅಪ್ಪ ಹೋದಾಗ ಅವರು ಹಾಗೆ ತಲೆ ಬಗ್ಗಿಸಿ ನಿಂತದ್ದನ್ನು ಕಂಡು, ಬಂದವರಲ್ಲಿ ಇವರೊಬ್ಬರಿಗಾದರೂ ಅಪ್ಪನ ಮೇಲೆ ಗೌರವ ಇದೆಯಲ್ಲ ಅನ್ನಿಸಿತ್ತು. ಹೋದವರ ಮುಖಕ್ಕೆ ಫ್ಲ್ಯಾಶ್ ಹೊಡೆಯಬಾರದು ಎಂಬುದು ಅವರ ನೇಮ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕೂರಿಸಿ, ಕಿಟಕಿಯ ಬೆಳಕಿಗೇ ಪೂರ್ತಿ ಒಂದು ಸೆಕೆಂಡು ಶಟರ್ ತೆರೆದಿಡುತ್ತಿದ್ದರು. ಕೂತವರು ಅಲ್ಲಾಡುವ ಭಯವಂತೂ ಇರಲಿಲ್ಲ.

ಆ ಮನುಷ್ಯನಿಗೆ ಇದ್ದದ್ದು ಒಂದೇ ಆಸೆ: ಆ ಕ್ಯಾಮೆರಾದಲ್ಲಿ ಹೆಂಡತಿಯ ಫೋಟೋ ತೆಗೆಯಬೇಕು. ಚನ್ನಬಸವ್ವ ಕಾಕು ಸುತರಾಂ ಒಪ್ಪುತ್ತಿರಲಿಲ್ಲ.

“ನೀವು ಆ ಡಬ್ಬಿ ಯಾರ ಮುಂದ ಇಟ್ರೂ ಅವರು ಎದ್ದಿಲ್ರಿ. ನನಗ ಇನ್ನೂ ಭಾಳ ಕೆಲಸ ಅದ,” ಅನ್ನುತ್ತಿದ್ದರು. ಕೆಳಗಿನ ಮನೆಯಲ್ಲಿರುವ ನನಗೆ ಈ ಜಗಳ ಬಾಯಿಪಾಠವಾಗಿತ್ತು.

ಈ ಬೇಸಿಗೆಯಲ್ಲಿ ಧರ್ಮಣ್ಣ ತೀರಿಕೊಂಡರು. ನಿಜಲಿಂಗಪ್ಪನವರ ಜೊತೆಗೇ ವಿಜಯಪುರದಿಂದ ಪುಣೆಗೆ ಬಂದ ಗೆಳೆಯ. ಹೊಸ ರೋಲು ಹಾಕಿಕೊಂಡು, ಸ್ಟ್ಯಾಂಡ್ ಹೊತ್ತು ಅವರು ನನ್ನ ಸ್ಕೂಟರ್ ಹತ್ತಿದರು. ಅಲ್ಲಿ ಧರ್ಮಣ್ಣನ ಮಗ ಸ್ವಪ್ನಿಲ್ ಬಾಗಿಲಲ್ಲೇ ಸಿಕ್ಕ.

“ಕಾಕಾ, ಫೋಟೋ ಆತ್ರಿ. ಮೊಬೈಲ್‌ನ್ಯಾಗ ತಗದ್ವಿ, ಗ್ರೂಪಿಗೂ ಹಾಕಿದ್ವಿ. ನೀವು ಸುಮ್ಮನ ತ್ರಾಸ ತಗೋಬ್ಯಾಡ್ರಿ.”

ನನಗೆ ಮೈಯೆಲ್ಲ ಉರಿಯಿತು. ಗ್ರೂಪಿಗೆ ಹಾಕಿದರಂತೆ! ಏನೋ ಅನ್ನಲು ಬಾಯಿ ತೆರೆದೆ; ನಿಜಲಿಂಗಪ್ಪನವರು ನನ್ನ ಕೈ ಅದುಮಿದರು. ಒಳಗೆ ಹೋಗಿ, ಗೆಳೆಯನ ಪಾದ ಮುಟ್ಟಿ, ಕ್ಯಾಮೆರಾದ ಚೀಲವನ್ನೂ ಬಿಚ್ಚದೆ ಎದ್ದು ಬಂದರು. ಮಣ್ಣು ಮುಗಿಸಿಕೊಂಡು ಮನೆ ಮುಟ್ಟಿದವರೇ ಚೀಲವನ್ನು ಮೂಲೆಗಿಟ್ಟರು.

ಮರುದಿನ ಮುಂಜಾನೆಯೂ ಅವರಿಗೆ ಚಹಾ ಸೇರಲಿಲ್ಲ. ನಾನು ಅಲ್ಲೇ ಇದ್ದೆ. ಚನ್ನಬಸವ್ವ ಕಾಕು ಗಂಡನ ಮುಖ ನೋಡಿದರು, ಮೂಲೆಯ ಚೀಲ ನೋಡಿದರು, ಒಳಗೆ ಹೋದರು. ಹೊರಗೆ ಬಂದಾಗ ಮೈಮೇಲೆ ಇಳಕಲ್ ಸೀರೆ.

“ರೋಲು ಹಾಕೀರಲ್ಲ, ಸುಮ್ಮನ ಹಾಳಾಗ್ತದ. ನಂದ ತಗೀರಿ.”

ನಿಜಲಿಂಗಪ್ಪನವರು ನನ್ನ ಕಡೆ ನೋಡಿದರು, ತಾವು ಕೇಳಿದ್ದು ನಿಜವೇ ಎಂಬಂತೆ. ಅಷ್ಟರಲ್ಲಿ ಕಾಕು ಬಾಲ್ಕನಿಯ ಬಾಗಿಲಿಗೆ ಕುರ್ಚಿ ಎಳೆದುಕೊಂಡು ಕೂತಿದ್ದರು. “ಗ್ವಾಡಿಗೆ ಮಾತ್ರ ಬೆನ್ನ ಹಚ್ಚಂಗಿಲ್ಲ ನೋಡ್ರಿ!” ಅಂದರು. ಧೈರ್ಯದ ಮಾತೇ, ಆದರೆ ಕೈಗಳು ಮಡಿಲಲ್ಲಿ ಒಂದನ್ನೊಂದು ಬಿಗಿಯಾಗಿ ಹಿಡಿದಿದ್ದವು.

ನಿಜಲಿಂಗಪ್ಪನವರು ಸ್ಟ್ಯಾಂಡ್ ನಿಲ್ಲಿಸಿ ತಲೆ ಬಗ್ಗಿಸಿದರು.

“ಅಯ್ಯ, ನನ್ನ ಮುಂದ ಯಾಕ ತಲಿ ಬಗ್ಗಸ್ತೀರಿ? ಮದಿವ್ಯಾಗೂ ಬಗ್ಗಿಸಿದ್ದಿಲ್ಲ...” ಕಾಕು ಇನ್ನೂ ಮಾತಾಡುತ್ತಿದ್ದಾಗಲೇ ಶಟರ್ ತೆರೆದು ಮುಚ್ಚಿತು.

ರೋಲು ಇನ್ನೂ ಬಹಳ ಉಳಿದಿತ್ತು. ಅದು ಮುಗಿಯಲಿ ಎಂದು ಕಾಯುವಷ್ಟು ತಾಳ್ಮೆ ಅವರಿಗಿರಲಿಲ್ಲ; ಬಚ್ಚಲಲ್ಲಿ ಕತ್ತಲೆ ಮಾಡಿಕೊಂಡು ಅವತ್ತೇ ಫಿಲ್ಮ್ ತೊಳೆದರು. ಪ್ರಿಂಟು ಹಿಡಿದು ಬಂದಾಗ ಅವರ ಮುಖ ಬಾಡಿತ್ತು. ಇಳಕಲ್ ಸೀರೆಯ ಅಂಚು, ಕುರ್ಚಿಯ ಕಾಲು, ಮಡಿಲಲ್ಲಿನ ಕೈ ಎಲ್ಲ ಸ್ಪಷ್ಟ. ಮುಖ ಇರಬೇಕಾದಲ್ಲಿ ಮಾತ್ರ ಬಿಳಿಯ ಮಸುಕು.

“ಮಾರಿನ ಇಲ್ಲಲ್ರಿ ನಂದು!”

“ರೂಢಿ ಮ್ಯಾಲೆ ಒಂದು ಸೆಕೆಂಡ್ ಇಟ್ಟಬಿಟ್ಟೆ. ಅಲ್ಲಾಡಬ್ಯಾಡ ಅಂತ ನಿನಗ ಹೇಳಬೇಕಿತ್ತು,” ಅಂದರು ನಿಜಲಿಂಗಪ್ಪನವರು. “ಈ ಕ್ಯಾಮೆರಾ ಮುಂದ ಆ ಮಾತು ಇಷ್ಟು ವರ್ಷದಾಗ ಯಾರಿಗೂ ಹೇಳಿದ್ದಿಲ್ಲ. ನೆನಪ ಆಗಲಿಲ್ಲ.”

ಕಾಕು ಪ್ರಿಂಟನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನಕ್ಕರು. ಅಷ್ಟು ಹಗುರಾಗಿ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ.

“ನಿಮ್ಮ ಡಬ್ಬಿ ಮುಂದ ಕುಂತು ಅಲ್ಲಾಡಿದಾಕಿ ನಾ ಒಬ್ಬಾಕಿನ ಏನ್ರಿ? ಹಂಗಾದ್ರ ಗಾಜಿನ ಕಟ್ಟು ಹಾಕಿಸ್ರಿ ಇದಕ್ಕ. ನಾಳೆ ಮತ್ತ ಕುಂದರ್ತೀನಿ. ನಾಳೆನೂ ಅಲ್ಲಾಡ್ತೀನಿ.”

ಹೊಸ ರೋಲು ನೋಡುತ್ತೇನೆ ಎಂದು ನಿಜಲಿಂಗಪ್ಪನವರು ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ.